ಅಮೆರಿಕದಲ್ಲಿ ಆಹಾರ ವಿಜ್ಞಾನ ಪದವಿ: ಉದ್ಯೋಗಕ್ಕೆ ಮುನ್ನ ತಿಳಿಯಬೇಕಾದ ಲೆಕ್ಕ

ಆಹಾರ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿಗಾಗಿ ಮಕ್ಕಳನ್ನು ಅಮೆರಿಕಕ್ಕೆ ಕಳುಹಿಸುವ ವರ್ತಕ ಬಾಂಧವರು ಶುಲ್ಕದ ಲೆಕ್ಕವನ್ನು ಚೆನ್ನಾಗಿ ಬಲ್ಲರು. ಕಾಲದ ಲೆಕ್ಕವೂ ಅಷ್ಟೇ ಮುಖ್ಯ. ಶಿಕ್ಷಣ ಸಾಲದ ಮರುಪಾವತಿ ಅದನ್ನೇ ಅವಲಂಬಿಸಿದೆ.

ಅಲ್ಲಿ ಪದವಿ ಪಡೆದ ವಿದೇಶಿ ವಿದ್ಯಾರ್ಥಿಯು ಓ.ಪಿ.ಟಿ. ಎಂಬ ಪ್ರಾಯೋಗಿಕ ತರಬೇತಿ ವ್ಯವಸ್ಥೆಯಡಿ 12 ತಿಂಗಳು ಉದ್ಯೋಗ ಮಾಡಬಹುದು. ಆಹಾರ ವಿಜ್ಞಾನವು ವಿಜ್ಞಾನ-ತಂತ್ರಜ್ಞಾನ ವಿಷಯಗಳ ಅಧಿಕೃತ ಪಟ್ಟಿಯಲ್ಲಿರುವುದರಿಂದ ಮತ್ತೆ 24 ತಿಂಗಳ ವಿಸ್ತರಣೆಗೆ ಅವಕಾಶವಿದೆ. ಆದರೆ ಎರಡು ನಿಬಂಧನೆಗಳನ್ನು ಗಮನಿಸತಕ್ಕದ್ದು:

1. ಮೊದಲ 12 ತಿಂಗಳಲ್ಲಿ ಒಟ್ಟು 90 ದಿನಗಳಿಗಿಂತ ಹೆಚ್ಚು ಕಾಲ ನಿರುದ್ಯೋಗಿಯಾಗಿರುವಂತಿಲ್ಲ. ಆದಕಾರಣ ಉದ್ಯೋಗದ ಹುಡುಕಾಟ ಕೊನೆಯ ವರ್ಷದ ಆರಂಭದಲ್ಲಿಯೇ ಮೊದಲಾಗಬೇಕು.

2. ವಿಸ್ತರಣೆ ದೊರೆಯಲು ಉದ್ಯೋಗದಾತ ಸಂಸ್ಥೆಯು ಇ-ವೆರಿಫೈ ಎಂಬ ಸರ್ಕಾರಿ ವ್ಯವಸ್ಥೆಯಲ್ಲಿ ನೋಂದಾಯಿಸಿರಬೇಕು. ಉದ್ಯೋಗವನ್ನು ಒಪ್ಪಿಕೊಳ್ಳುವ ಮುನ್ನವೇ ಇದನ್ನು ವಿಚಾರಿಸುವುದು ಲೇಸು.

ಇನ್ನು ಅರ್ಹತೆಯ ವಿಚಾರ. ಅಮೆರಿಕದ 2011ರ ಆಹಾರ ಸುರಕ್ಷತಾ ಆಧುನೀಕರಣ ಕಾಯಿದೆಯಡಿ ಬಹುತೇಕ ಆಹಾರ ಕಾರ್ಖಾನೆಗಳು ಲಿಖಿತ ಸುರಕ್ಷತಾ ಯೋಜನೆಯನ್ನು ಹೊಂದಿರಬೇಕು. ಅದನ್ನು ಪಿ.ಸಿ.ಕ್ಯು.ಐ. ಎಂದು ಕರೆಯಲಾಗುವ ಅರ್ಹ ವ್ಯಕ್ತಿಯೇ ಸಿದ್ಧಪಡಿಸಬೇಕು ಅಥವಾ ಅದರ ಮೇಲ್ವಿಚಾರಣೆ ನಡೆಸಬೇಕು. ಕೆಲವೇ ದಿನಗಳ ಈ ತರಬೇತಿಯನ್ನು ವ್ಯಾಸಂಗದ ಅವಧಿಯಲ್ಲಿಯೇ ಮುಗಿಸಿಕೊಂಡ ಅಭ್ಯರ್ಥಿಯು ಕಾರ್ಖಾನೆಗೆ ಮೊದಲ ದಿನದಿಂದಲೇ ಉಪಯುಕ್ತನಾಗುತ್ತಾನೆ.

ಇದೇ ನಿಯಮವು ಅಮೆರಿಕಕ್ಕೆ ಮಸಾಲೆ ಪುಡಿ, ಕುರುಕಲು ತಿಂಡಿ ರಫ್ತು ಮಾಡುವ ನಮ್ಮ ಘಟಕಗಳನ್ನೂ ತಟ್ಟುತ್ತದೆ. ಅಲ್ಲಿನ ಆಮದುದಾರನು ನಮ್ಮಿಂದ ಕೇಳುವುದು ಈ ಯೋಜನೆಯ ದಾಖಲೆಗಳನ್ನೇ. ಆದುದರಿಂದ ವೀಸಾ ಕೈಕೊಟ್ಟರೂ ಈ ವಿದ್ಯೆ ಕೈಬಿಡದು. ಮರಳಿ ಬಂದವರಿಗೆ ಊರಿನ ಕಾರ್ಖಾನೆಯಲ್ಲಿಯೂ ಕೆಲಸವುಂಟು.