ಐಷಾರಾಮಿ ಸಣ್ಣ ಎಸ್‌ಯುವಿ ಖರೀದಿ: ಬೆಲೆಪಟ್ಟಿಯಿಂದಾಚೆಗಿನ ತುಲನೆ

ವ್ಯಾಪಾರ ಅಥವಾ ಸಣ್ಣ ಕೈಗಾರಿಕೆಯಲ್ಲಿ ಹಲವು ವರ್ಷ ದುಡಿದು ಒಂದು ಮಟ್ಟಕ್ಕೆ ಬಂದ ಉದ್ಯಮಿಯು ಐಷಾರಾಮಿ ಕಾರಿನತ್ತ ನೋಡುವುದು ಸಹಜ. ಅಂಥವರ ಮೊದಲ ಆಯ್ಕೆ ಬಹುಮಟ್ಟಿಗೆ ಈ ಶ್ರೇಣಿಯ ಕೆಳಮೆಟ್ಟಿಲಿನಲ್ಲಿರುವ ಸಣ್ಣ ಎಸ್‌ಯುವಿಗಳು: ಬಿಎಂಡಬ್ಲ್ಯು ಎಕ್ಸ್1, ಆಡಿ ಕ್ಯೂ3, ಮರ್ಸಿಡಿಸ್-ಬೆಂಝ್ ಜಿಎಲ್‌ಎ ಹಾಗೂ ವಿದ್ಯುತ್ ಚಾಲಿತ ವೋಲ್ವೊ ಇಎಕ್ಸ್40. ಕಾರಿನ ಚಾಸಿಯ ಮೇಲೆಯೇ ಎತ್ತರದ ಮೈಕಟ್ಟನ್ನು ಕೂರಿಸಿದ ಇಂಥ ವಾಹನಗಳಿಗೆ ಕ್ರಾಸ್‌ಓವರ್ ಎಂಬ ಹೆಸರೂ ಇದೆ. ಷೋರೂಂನಲ್ಲಿ ನಿಂತಾಗ ಇವುಗಳ ನಡುವಿನ ಅಂತರ ಎರಡು ಮೂರು ಲಕ್ಷ ರೂಪಾಯಿಗಳದೆಂದು ತೋರುತ್ತದೆ. ಆದರೆ ಐದು ವರ್ಷಗಳ ಒಟ್ಟು ಲೆಕ್ಕವನ್ನು ಹಾಕಿದಾಗ ನಿರ್ಣಾಯಕವಾಗುವ ಅಂಶಗಳೇ ಬೇರೆ. "ಕಂಪನಿಯ ಹೆಸರಿನಲ್ಲಿ ಕೊಂಡರೆ ತೆರಿಗೆಯಲ್ಲಿ ಅರ್ಧ ಹಣ ಬಂದೇ ಬರುತ್ತದೆ" ಎಂಬ ನಂಬಿಕೆ ವ್ಯಾಪಾರ ವಲಯದಲ್ಲಿ ವ್ಯಾಪಕವಾಗಿದೆ. ಆ ನಂಬಿಕೆಯು ಎಷ್ಟರಮಟ್ಟಿಗೆ ನಿಜ ಎಂಬುದನ್ನು ಅಂಕಿಗಳ ಸಹಾಯದಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

1. ವಾಹನಗಳ ಸ್ವರೂಪ

ಈ ನಾಲ್ಕೂ ಕಾರುಗಳ ಉದ್ದ 4.4 ಮೀಟರಿನ ಆಸುಪಾಸಿನಿಂದ 4.5 ಮೀಟರಿನವರೆಗಿದೆ. ಯೂರೋ ಎನ್‌ಕ್ಯಾಪ್ ಪರೀಕ್ಷೆಗಳಲ್ಲಿ ಎಕ್ಸ್1, ಕ್ಯೂ3, ಜಿಎಲ್‌ಎ ಹಾಗೂ ಇಎಕ್ಸ್40ರ ಮೂಲರೂಪವಾದ ಎಕ್ಸ್‌ಸಿ40, ಎಲ್ಲವೂ ಐದು ನಕ್ಷತ್ರಗಳನ್ನು ಪಡೆದಿವೆ. ಆದ್ದರಿಂದ ಗಾತ್ರ, ಸುರಕ್ಷತೆಗಳ ವಿಷಯದಲ್ಲಿ ಹೆಚ್ಚು ಚರ್ಚೆಯ ಅಗತ್ಯವಿಲ್ಲ. ಭೇದವಿರುವುದು ಯಂತ್ರದಲ್ಲಿ ಮತ್ತು ಚಾಲನಾ ವ್ಯವಸ್ಥೆಯಲ್ಲಿ.

2023ರ ಆರಂಭದಲ್ಲಿ ಭಾರತಕ್ಕೆ ಬಂದ ಎಕ್ಸ್1 ಚೆನ್ನೈನಲ್ಲಿ ಜೋಡಣೆಯಾಗುತ್ತದೆ. ಇದರ ಪೆಟ್ರೋಲ್ ಮಾದರಿಗೆ 1499 ಸಿಸಿಯ ಮೂರು ಸಿಲಿಂಡರ್ ಯಂತ್ರವೂ ಡೀಸೆಲ್ ಮಾದರಿಗೆ 1995 ಸಿಸಿಯ ನಾಲ್ಕು ಸಿಲಿಂಡರ್ ಯಂತ್ರವೂ ಇವೆ. ಎರಡರಲ್ಲೂ ಶಕ್ತಿ ಹರಿಯುವುದು ಮುಂದಿನ ಚಕ್ರಗಳಿಗೆ ಮಾತ್ರ. 2022ರಲ್ಲಿ ಬಂದ ಎರಡನೇ ತಲೆಮಾರಿನ ಕ್ಯೂ3 ಪೆಟ್ರೋಲ್ ಯಂತ್ರವನ್ನಷ್ಟೇ ಹೊಂದಿದ್ದು, 1984 ಸಿಸಿ ಸಾಮರ್ಥ್ಯದಿಂದ 190 ಅಶ್ವಶಕ್ತಿಯನ್ನು ನೀಡುತ್ತದೆ. ನಾಲ್ಕು ಚಕ್ರಗಳಿಗೂ ಶಕ್ತಿ ನೀಡುವ ಕ್ವಾಟ್ರೊ ವ್ಯವಸ್ಥೆ ಇದರ ವಿಶೇಷ. 2024ರ ಜನವರಿಯಲ್ಲಿ ಪರಿಷ್ಕೃತ ರೂಪದಲ್ಲಿ ಬಂದ ಜಿಎಲ್‌ಎ ಪೆಟ್ರೋಲ್ ಮಾದರಿಯಲ್ಲಿರುವುದು ಕೇವಲ 1332 ಸಿಸಿಯ ಯಂತ್ರ. ಟರ್ಬೊ ನೆರವಿನಿಂದ ಅದು 163 ಅಶ್ವಶಕ್ತಿಯನ್ನು ಕೊಡುತ್ತದೆ. ಅದರ ಡೀಸೆಲ್ ಮಾದರಿಗೆ 1950 ಸಿಸಿ ಯಂತ್ರವೂ ನಾಲ್ಕು ಚಕ್ರಗಳ ಚಾಲನೆಯೂ ಇವೆ. ವೋಲ್ವೊ ಸಂಸ್ಥೆಯು 2022ರಲ್ಲಿ ಎಕ್ಸ್‌ಸಿ40 ರೀಚಾರ್ಜ್ ಎಂಬ ಹೆಸರಿನಲ್ಲಿ ಬಿಡುಗಡೆ ಮಾಡಿದ ವಿದ್ಯುತ್ ಕಾರು ಬೆಂಗಳೂರಿನ ಬಳಿಯ ಹೊಸಕೋಟೆಯ ಘಟಕದಲ್ಲಿ ಜೋಡಣೆಯಾಗಿ ಹೊರಬಂದಿತು. ಇಎಕ್ಸ್40 ಎಂಬುದು ಅದಕ್ಕೆ 2024ರಲ್ಲಿ ಬಂದ ಹೊಸ ಹೆಸರು. ಬಿಎಂಡಬ್ಲ್ಯು ಸಹ 2025ರ ಜನವರಿಯಲ್ಲಿ ಐಎಕ್ಸ್1 ವಿದ್ಯುತ್ ಕಾರಿನ ಉದ್ದನೆಯ ಮಾದರಿಯನ್ನು ಚೆನ್ನೈನಲ್ಲೇ ತಯಾರಿಸಿ ರೂ. 49 ಲಕ್ಷಕ್ಕೆ ಬಿಡುಗಡೆ ಮಾಡಿತು.

ಈ ವ್ಯತ್ಯಾಸಗಳನ್ನು ಕೊಳ್ಳುವವರ ಉಪಯೋಗಕ್ಕೆ ಹೊಂದಿಸಿ ನೋಡಬೇಕು. ಮಳೆಗಾಲದಲ್ಲಿ ಕೊಡಗು, ಚಿಕ್ಕಮಗಳೂರಿನ ತೋಟದ ದಾರಿಗಳಲ್ಲಿ ಓಡಾಡುವವರಿಗೆ ನಾಲ್ಕು ಚಕ್ರಗಳ ಚಾಲನೆ ನಿಜಕ್ಕೂ ಉಪಯುಕ್ತ. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಬ್ಯಾಂಕಿಗೆ ಹೋಗಿಬರುವವರಿಗೆ ಅದು ತೂಕವನ್ನೂ ಇಂಧನದ ಖರ್ಚನ್ನೂ ಹೆಚ್ಚಿಸುವ ಸಲಕರಣೆಯಷ್ಟೇ. ಹಾಗೆಯೇ ಬಿಎಸ್-6 ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿರುವ ಮಸಿ ಶೋಧಕವು ಶುದ್ಧಗೊಳ್ಳಲು ಆಗಾಗ ಹೆದ್ದಾರಿಯ ವೇಗದ ಓಟ ಬೇಕು. ದಿನಕ್ಕೆ ಐದಾರು ಕಿಲೋಮೀಟರ್ ಮಾತ್ರ ಓಡುವ ಡೀಸೆಲ್ ಕಾರಿನಲ್ಲಿ ಈ ಶೋಧಕ ಕಟ್ಟಿಕೊಂಡು ದುಬಾರಿ ರಿಪೇರಿಗೆ ಎಡೆಮಾಡುತ್ತದೆ.

2. ಸರಕು ಮತ್ತು ಸೇವಾ ತೆರಿಗೆ

2025ರ ಸೆಪ್ಟೆಂಬರ್ 22ರವರೆಗೆ ಯಂತ್ರದ ಗಾತ್ರವು ತೆರಿಗೆಯನ್ನು ನಿರ್ಧರಿಸುತ್ತಿತ್ತು. ನಾಲ್ಕು ಮೀಟರ್ ಮೀರಿದ್ದರೂ 1500 ಸಿಸಿಯೊಳಗಿನ ಕಾರಿಗೆ ಪರಿಹಾರ ಸೆಸ್ ಸೇರಿ ಶೇ. 45, ಅದನ್ನು ಮೀರಿದ ಎಸ್‌ಯುವಿಗೆ ಶೇ. 50 ತೆರಿಗೆ ಇತ್ತು. ಆ ದಿನದಿಂದ ಸೆಸ್ ರದ್ದಾಗಿ, ನಾಲ್ಕು ಮೀಟರ್ ಮೀರಿದ ಪೆಟ್ರೋಲ್, ಡೀಸೆಲ್ ಕಾರುಗಳಿಗೆಲ್ಲ ಶೇ. 40ರ ಏಕರೂಪ ದರ ಜಾರಿಗೆ ಬಂದಿತು. ಆದ್ದರಿಂದ ಚಿಕ್ಕ ಯಂತ್ರಕ್ಕಿದ್ದ ತೆರಿಗೆಯ ಅನುಕೂಲವು ಈ ವರ್ಗದಲ್ಲಿ ಉಳಿದಿಲ್ಲ. ವಿದ್ಯುತ್ ಕಾರುಗಳ ದರ ಮಾತ್ರ ಶೇ. 5ರಲ್ಲೇ ಇದೆ.

ರೂ. 50 ಲಕ್ಷದ ಷೋರೂಂ ಬೆಲೆಯ ಪೆಟ್ರೋಲ್ ಕಾರಿನಲ್ಲಿ ಸುಮಾರು ರೂ. 14.29 ಲಕ್ಷ ತೆರಿಗೆಯೇ ಆಗಿರುತ್ತದೆ. ಈ ಮೊತ್ತವನ್ನು ಮಾರಾಟ ತೆರಿಗೆಯೊಂದಿಗೆ ಹೊಂದಿಸಿಕೊಳ್ಳಬಹುದೆಂದು ಹಲವರು ಭಾವಿಸುತ್ತಾರೆ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆ, 2017ರ 17(5)ನೇ ಕಲಮು ಇದಕ್ಕೆ ಅವಕಾಶ ಕೊಡುವುದಿಲ್ಲ. ಚಾಲಕನೂ ಸೇರಿ 13 ಜನರವರೆಗಿನ ಆಸನ ಸಾಮರ್ಥ್ಯದ ವಾಹನದ ಮೇಲಿನ ತೆರಿಗೆಗೆ ಜಮೆ ದೊರೆಯದು. ವಾಹನಗಳನ್ನೇ ಮಾರುವವರು, ಪ್ರಯಾಣಿಕರ ಸಾಗಣೆ ನಡೆಸುವವರು, ಚಾಲನಾ ತರಬೇತಿ ಶಾಲೆಗಳು ಮಾತ್ರ ಇದಕ್ಕೆ ಹೊರತು. ಅಂಥ ಕಾರಿನ ವಿಮೆ ಮತ್ತು ದುರಸ್ತಿಯ ಮೇಲಿನ ತೆರಿಗೆಗೂ ಇದೇ ನಿರ್ಬಂಧ ಅನ್ವಯಿಸುತ್ತದೆ.

3. ಜೀವಾವಧಿ ತೆರಿಗೆ ಮತ್ತು ಮೂಲದಲ್ಲಿ ಸಂಗ್ರಹಿಸುವ ತೆರಿಗೆ

ಕರ್ನಾಟಕದಲ್ಲಿ ರೂ. 20 ಲಕ್ಷ ಮೀರಿದ ಕಾರಿಗೆ ಶೇ. 18ರ ಜೀವಾವಧಿ ತೆರಿಗೆಯಿದ್ದು, ಉಪಕರ ಸೇರಿದಾಗ ಅದು ಸುಮಾರು ಶೇ. 20 ಆಗುತ್ತದೆ. ಸರಕು ಮತ್ತು ಸೇವಾ ತೆರಿಗೆಯೂ ಸೇರಿದ ಬೆಲೆಯ ಮೇಲೆ ಇದನ್ನು ಲೆಕ್ಕ ಹಾಕುವುದರಿಂದ, ತೆರಿಗೆಯ ಮೇಲೆ ತೆರಿಗೆ ಬಿದ್ದಂತಾಗುತ್ತದೆ. ರೂ. 50 ಲಕ್ಷದ ಕಾರಿಗೆ ಇದು ಸುಮಾರು ರೂ. 10 ಲಕ್ಷ. ರೂ. 25 ಲಕ್ಷ ಮೀರಿದ ವಿದ್ಯುತ್ ಕಾರುಗಳಿಗೆ 2024ರಲ್ಲಿ ಶೇ. 10ರ ಜೀವಾವಧಿ ತೆರಿಗೆಯನ್ನು ವಿಧಿಸಲಾಯಿತು. ಉಪಕರವನ್ನು ಬಿಟ್ಟು ನೋಡಿದರೆ ಅದೇ ಬೆಲೆಯ ಪೆಟ್ರೋಲ್ ಕಾರಿಗೆ ರೂ. 9 ಲಕ್ಷವಾದರೆ ವಿದ್ಯುತ್ ಕಾರಿಗೆ ರೂ. 5 ಲಕ್ಷ.

ರೂ. 10 ಲಕ್ಷ ಮೀರಿದ ಕಾರಿನ ಮಾರಾಟಗಾರನು ಮೂಲದಲ್ಲಿ ಶೇ. 1ರಷ್ಟು ಆದಾಯ ತೆರಿಗೆಯನ್ನು ಸಂಗ್ರಹಿಸುತ್ತಾನೆ. ಇದು ಖರ್ಚಲ್ಲ, ಕೊಳ್ಳುವವರ ಹೆಸರಿನಲ್ಲಿ ಜಮೆಯಾಗಿ ವಿವರಪಟ್ಟಿಯಲ್ಲಿ ಹೊಂದಾಣಿಕೆಯಾಗುತ್ತದೆ. ಆದರೆ ಕಾರು ಕಂಪನಿಯ ಹೆಸರಿನಲ್ಲಿದ್ದು, ಪ್ಯಾನ್ ಸಂಖ್ಯೆ ನಿರ್ದೇಶಕರದಾಗಿದ್ದರೆ ಹೊಂದಾಣಿಕೆಗೆ ತೊಡಕಾಗುತ್ತದೆ. ಆದ್ದರಿಂದ ಬುಕಿಂಗ್ ಹಂತದಲ್ಲೇ ಹೆಸರು ಮತ್ತು ಸಂಖ್ಯೆ ತಾಳೆಯಾಗುವಂತೆ ನೋಡಿಕೊಳ್ಳತಕ್ಕದ್ದು.

4. ಸವಕಳಿಯ ನಿಜವಾದ ಲಾಭ

ವ್ಯವಹಾರದ ಕಾರಿಗೆ ಇಳಿಕೆ ಮೌಲ್ಯದ ವಿಧಾನದಲ್ಲಿ ಶೇ. 15ರ ಸವಕಳಿ ದೊರೆಯುತ್ತದೆ. ಜಮೆ ಸಿಗದ ತೆರಿಗೆ ಮತ್ತು ಜೀವಾವಧಿ ತೆರಿಗೆ ಸೇರಿ ಕಾರಿನ ವೆಚ್ಚ ರೂ. 60 ಲಕ್ಷವೆಂದು ಇಟ್ಟುಕೊಂಡರೆ ಲೆಕ್ಕ ಹೀಗಾಗುತ್ತದೆ (ಲಕ್ಷ ರೂ.ಗಳಲ್ಲಿ):

ಮೊದಲ ವರ್ಷ: ಸವಕಳಿ 9.00, ಉಳಿದ ಮೌಲ್ಯ 51.00
ಎರಡನೇ ವರ್ಷ: ಸವಕಳಿ 7.65, ಉಳಿದ ಮೌಲ್ಯ 43.35
ಮೂರನೇ ವರ್ಷ: ಸವಕಳಿ 6.50, ಉಳಿದ ಮೌಲ್ಯ 36.85
ನಾಲ್ಕನೇ ವರ್ಷ: ಸವಕಳಿ 5.53, ಉಳಿದ ಮೌಲ್ಯ 31.32
ಐದನೇ ವರ್ಷ: ಸವಕಳಿ 4.70, ಉಳಿದ ಮೌಲ್ಯ 26.62

ಐದು ವರ್ಷಗಳ ಒಟ್ಟು ಸವಕಳಿ ರೂ. 33.38 ಲಕ್ಷ. ರಿಯಾಯಿತಿ ದರವನ್ನು ಆರಿಸಿಕೊಂಡ ದೇಶೀಯ ಕಂಪನಿಯು ಸರ್‌ಚಾರ್ಜ್, ಉಪಕರ ಸೇರಿ ಶೇ. 25.168ರಷ್ಟು ತೆರಿಗೆ ಕಟ್ಟುವುದರಿಂದ, ಉಳಿಯುವ ತೆರಿಗೆ ರೂ. 8.40 ಲಕ್ಷ. ಅರವತ್ತು ಲಕ್ಷ ಖರ್ಚು ಮಾಡಿ ಐದು ವರ್ಷಗಳಲ್ಲಿ ಎಂಟೂವರೆ ಲಕ್ಷಕ್ಕೂ ಕಡಿಮೆ ಉಳಿಸುವುದನ್ನು "ಅರ್ಧ ಹಣ ಬಂದಂತೆ" ಎನ್ನಲಾಗದು. ಲಾಭವಿಲ್ಲದ ವರ್ಷದಲ್ಲಿ ಈ ಉಳಿತಾಯವೂ ತಕ್ಷಣ ಕೈಗೆ ಸಿಗುವುದಿಲ್ಲ.

ಇನ್ನೆರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಆರ್ಥಿಕ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಕೆಯಾದ ಕಾರಿಗೆ ಆ ವರ್ಷ ಅರ್ಧ ಸವಕಳಿ ಮಾತ್ರ. ದೀಪಾವಳಿಯ ಖರೀದಿಗೆ ಒಂಬತ್ತರ ಬದಲು ನಾಲ್ಕೂವರೆ ಲಕ್ಷವಷ್ಟೇ ದೊರೆಯುತ್ತದೆ; ಉಳಿದದ್ದು ಮುಂದಿನ ವರ್ಷಗಳಿಗೆ ಸರಿಯುತ್ತದೆ. ಎರಡನೆಯದು, ನಿರ್ದೇಶಕರು ಸ್ವಂತ ಕೆಲಸಕ್ಕೂ ಕಾರನ್ನು ಬಳಸಿದಾಗ ಅದು ಅವರ ಕೈಯಲ್ಲಿ ತೆರಿಗೆಗೆ ಒಳಪಡುವ ಸೌಲಭ್ಯವಾಗುತ್ತದೆ. ಇಲ್ಲಿ 1.6 ಲೀಟರ್ ಮೀರಿದ ಯಂತ್ರಕ್ಕೆ ಹೆಚ್ಚಿನ ಮೌಲ್ಯ ನಿಗದಿಯಾಗಿದೆ. ಜಿಎಲ್‌ಎ ಮತ್ತು ಎಕ್ಸ್1 ಪೆಟ್ರೋಲ್ ಮಾದರಿಗಳು ಈ ಗಡಿಯ ಕೆಳಗಿವೆ. ಕ್ಯೂ3 ಹಾಗೂ ಡೀಸೆಲ್ ಮಾದರಿಗಳು ಮೇಲಿವೆ. ಪಾಲುದಾರಿಕೆ ಮತ್ತು ಒಡೆತನದ ಸಂಸ್ಥೆಗಳಲ್ಲಿ ಸ್ವಂತ ಬಳಕೆಯ ಪ್ರಮಾಣದಷ್ಟು ಖರ್ಚು, ಸವಕಳಿಗಳನ್ನು ತೆರಿಗೆ ಅಧಿಕಾರಿಗಳು ತಳ್ಳಿಹಾಕಬಹುದು.

5. ಸಾಲದ ಕಂತು

ರೂ. 50 ಲಕ್ಷ ಸಾಲವನ್ನು ಶೇ. 9ರ ಬಡ್ಡಿಯಲ್ಲಿ 60 ಕಂತುಗಳಿಗೆ ಪಡೆದರೆ ಮಾಸಿಕ ಕಂತು ಸುಮಾರು ರೂ. 1,03,800, ಒಟ್ಟು ಬಡ್ಡಿ ರೂ. 12.28 ಲಕ್ಷ. ಐಷಾರಾಮಿ ಕಾರುಗಳ ಷೋರೂಂಗಳಲ್ಲಿ ಇದರ ಬದಲು, ಸಾಲದ ಒಂದು ಭಾಗವನ್ನು ಕೊನೆಗೆ ಒಟ್ಟಾಗಿ ತೀರಿಸುವ ಬಲೂನ್ ಯೋಜನೆಯನ್ನು ಮುಂದಿಡುವುದುಂಟು. ರೂ. 20 ಲಕ್ಷವನ್ನು ಕೊನೆಗೆ ಉಳಿಸಿಕೊಂಡರೆ ಕಂತು ಸುಮಾರು ರೂ. 77,300ಕ್ಕೆ ಇಳಿಯುತ್ತದೆ. ಆದರೆ ಒಟ್ಟು ಬಡ್ಡಿ ರೂ. 16.36 ಲಕ್ಷಕ್ಕೆ ಏರುತ್ತದೆ. ತಿಂಗಳಿಗೆ ರೂ. 26,500 ಹಗುರವಾದಂತೆ ಕಾಣುವ ಈ ಏರ್ಪಾಡಿನ ಹೆಚ್ಚುವರಿ ಬೆಲೆ ರೂ. 4 ಲಕ್ಷ. ಕಂತನ್ನು ಮಾತ್ರ ನೋಡಿ ಎರಡು ಕಾರುಗಳನ್ನು ಹೋಲಿಸುವವರು ಎಡವುವುದು ಇಲ್ಲಿಯೇ.

ಮುಂಗಡ ಹಣವನ್ನು ಕ್ಯಾಷ್ ಕ್ರೆಡಿಟ್ ಖಾತೆಯಿಂದ ತೆಗೆಯುವ ರೂಢಿ ಇನ್ನೂ ಅಪಾಯಕಾರಿ. ದಾಸ್ತಾನು ಮತ್ತು ಬಾಕಿದಾರರ ಆಧಾರದ ಮೇಲೆ ಬ್ಯಾಂಕು ಕೊಟ್ಟ ದುಡಿಯುವ ಬಂಡವಾಳವು ಸ್ಥಿರಾಸ್ತಿಯಾಗಿ ಕಟ್ಟಿಬೀಳುತ್ತದೆ. ಹಂಗಾಮಿನಲ್ಲಿ ಮಾಲು ಕೊಳ್ಳಲು ಹಣವಿಲ್ಲದೆ ವ್ಯಾಪಾರವು ಕುಂಟತೊಡಗುತ್ತದೆ. ಸಾಲದ ನವೀಕರಣದ ವೇಳೆ ಬ್ಯಾಂಕಿನ ಅಧಿಕಾರಿ ಮೊದಲು ಕೇಳುವುದೂ ಇದನ್ನೇ.

6. ಐದು ವರ್ಷಗಳ ಒಟ್ಟು ಲೆಕ್ಕ

ವರ್ಷಕ್ಕೆ 12,000 ಕಿ.ಮೀ. ಓಡುವ, ಪೂರ್ಣವಾಗಿ ವ್ಯವಹಾರಕ್ಕೆ ಬಳಕೆಯಾಗುವ ಪೆಟ್ರೋಲ್ ಕಾರಿಗೆ, ಕೆಲವು ಅಂಕಿಗಳನ್ನು ಊಹೆಗಾಗಿ ಇಟ್ಟುಕೊಂಡು, ಹೀಗೆ ಲೆಕ್ಕ ಹಾಕಬಹುದು (ಲಕ್ಷ ರೂ.ಗಳಲ್ಲಿ):

ಜೀವಾವಧಿ ತೆರಿಗೆ ಸೇರಿ ಖರೀದಿ ವೆಚ್ಚ: 60.00
ವಿಮೆ: 6.00
ಇಂಧನ: 5.00
ಸರ್ವೀಸ್ ಮತ್ತು ಟೈರು: 4.00
ಸಾಲದ ಬಡ್ಡಿ: 12.28
ಒಟ್ಟು: 87.28
ಕಳೆಯಿರಿ, ಮರುಮಾರಾಟದ ಬೆಲೆ: 24.00
ಕಳೆಯಿರಿ, ಸವಕಳಿಯಿಂದ ಉಳಿದ ತೆರಿಗೆ: 8.40
ಕಳೆಯಿರಿ, ಇತರ ಖರ್ಚು ಮತ್ತು ಬಡ್ಡಿಯಿಂದ ಉಳಿದ ತೆರಿಗೆ: 6.87
ನಿವ್ವಳ ವೆಚ್ಚ: 48.01

60,000 ಕಿ.ಮೀ. ಓಟಕ್ಕೆ ಇದನ್ನು ಭಾಗಿಸಿದರೆ ಕಿಲೋಮೀಟರಿಗೆ ರೂ. 80 ಬೀಳುತ್ತದೆ. ಇದರಲ್ಲಿ ಇಂಧನದ ಪಾಲು ತೀರ ಚಿಕ್ಕದು. ಡೀಸೆಲ್ ಮಾದರಿಯು ವರ್ಷಕ್ಕೆ ರೂ. 32,500 ಉಳಿಸಿ, ಬೆಲೆಯಲ್ಲಿ ರೂ. 3 ಲಕ್ಷ ಹೆಚ್ಚಾಗಿದ್ದರೆ, ಹೆಚ್ಚು ಕೊಟ್ಟ ಹಣ ಮರಳಲು ಒಂಬತ್ತು ವರ್ಷ ಬೇಕು. ಲೆಕ್ಕವನ್ನು ತಿರುಗಿಸಬಲ್ಲ ದೊಡ್ಡ ಅಂಶ ಮರುಮಾರಾಟದ ಬೆಲೆ. ಷೋರೂಂ ಬೆಲೆಯ ಶೇ. 10ರಷ್ಟು ವ್ಯತ್ಯಾಸವೆಂದರೆ ರೂ. 5 ಲಕ್ಷ. ಮಾದರಿಯ ಕೊನೆಯ ತಿಂಗಳುಗಳಲ್ಲಿ ಸಿಗುವ ಲಕ್ಷ ರೂಪಾಯಿಗಳ ರಿಯಾಯಿತಿಯನ್ನು, ಹೊಸ ತಲೆಮಾರು ಬಂದೊಡನೆ ಕುಸಿಯುವ ಮರುಮಾರಾಟದ ಬೆಲೆಯು ನುಂಗಿಹಾಕಬಹುದು. ವಿದ್ಯುತ್ ಕಾರು ತೆರಿಗೆಯಲ್ಲೂ ಓಟದ ಖರ್ಚಿನಲ್ಲೂ ಗೆಲ್ಲುತ್ತದೆ. ಬಿಎಂಡಬ್ಲ್ಯು, ವೋಲ್ವೊ ಎರಡೂ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ಖಾತರಿ ಕೊಡುತ್ತವೆ. ಆದರೆ ಹಳೆಯ ವಿದ್ಯುತ್ ಕಾರುಗಳ ಪೇಟೆ ಇನ್ನೂ ಬಲಿಯದಿರುವುದರಿಂದ ಮರುಮಾರಾಟದ ಅಂಕಿಯನ್ನು ಕೈಹಿಡಿದು ಬರೆಯುವುದು ಕ್ಷೇಮ.

ಮಾರುವಾಗಲೂ ತೆರಿಗೆಯುಂಟು. ನೋಂದಾಯಿತ ವ್ಯಾಪಾರಿಯು ಸವಕಳಿ ಪಡೆದ ಕಾರನ್ನು ಉಳಿದ ಮೌಲ್ಯಕ್ಕಿಂತ ಹೆಚ್ಚಿಗೆ ಮಾರಿದರೆ, ಆ ಹೆಚ್ಚುವರಿಯ ಮೇಲೆ 2025ರ ಜನವರಿಯಿಂದ ಶೇ. 18 ತೆರಿಗೆ ಅನ್ವಯಿಸುತ್ತದೆ. ಮೇಲಿನ ಕಾರು ರೂ. 24 ಲಕ್ಷಕ್ಕೆ ಹೋದರೆ, ಅದು ರೂ. 26.62 ಲಕ್ಷಕ್ಕಿಂತ ಕಡಿಮೆಯಾದ್ದರಿಂದ ತೆರಿಗೆಯಿಲ್ಲ. ರೂ. 28 ಲಕ್ಷಕ್ಕೆ ಹೋದರೆ ಸುಮಾರು ರೂ. 24,800 ಕಟ್ಟಬೇಕಾಗುತ್ತದೆ.

7. ಕೊಳ್ಳುವ ಮುನ್ನ

(1) ಎಲ್ಲ ಮಾರಾಟಗಾರರಿಂದಲೂ ಷೋರೂಂ ಬೆಲೆ, ಜೀವಾವಧಿ ತೆರಿಗೆ, ವಿಮೆ, ಇತರ ಶುಲ್ಕಗಳನ್ನು ಬೇರೆ ಬೇರೆ ತೋರಿಸಿದ ಲಿಖಿತ ದರಪಟ್ಟಿ ಪಡೆಯತಕ್ಕದ್ದು.
(2) ವಿಮೆಯನ್ನು ಷೋರೂಂನಲ್ಲೇ ಮಾಡಿಸಬೇಕೆಂಬ ಕಡ್ಡಾಯವಿಲ್ಲ. ಹೊರಗಿನ ದರವನ್ನೂ ವಿಚಾರಿಸಬೇಕು.
(3) ಅಧಿಕೃತ ಸರ್ವೀಸ್ ಕೇಂದ್ರದ ದೂರವನ್ನು ಅಳೆಯಬೇಕು. ಕೇಂದ್ರವು ಇನ್ನೂರು ಕಿಲೋಮೀಟರ್ ಆಚೆಯಿದ್ದರೆ, ಪ್ರತಿ ಸರ್ವೀಸಿಗೂ ಒಂದು ದಿನದ ವ್ಯಾಪಾರ ಕೈಬಿಡುತ್ತದೆ.
(4) ಬಿಡಿ ಚಕ್ರವಿದೆಯೇ, ಟೈರಿನ ಬೆಲೆಯೆಷ್ಟು, ಖಾತರಿ ವಿಸ್ತರಣೆಗೆ ಎಷ್ಟು ಎಂಬುದನ್ನು ಕೇಳಿ ತಿಳಿಯಬೇಕು.
(5) ಹಿಂದಿನ ಆಸನದಲ್ಲಿ ಮನೆಯ ಹಿರಿಯರನ್ನು ಕೂರಿಸಿ, ತಮ್ಮ ಊರಿನ ರಸ್ತೆಯಲ್ಲೇ ಓಡಿಸಿ ನೋಡಬೇಕು.

ಆನೆಯನ್ನು ಕೊಳ್ಳುವವರು ಮೇವಿನ ಲೆಕ್ಕವನ್ನೂ ಹಾಕಬೇಕಷ್ಟೆ. ತೆರಿಗೆ ಕಾನೂನು ಕಾರಿನ ಖರ್ಚಿನ ಸ್ವಲ್ಪ ಭಾಗವನ್ನು ಹೊರುತ್ತದೆಯೇ ಹೊರತು ಕಾರನ್ನು ಅಗ್ಗ ಮಾಡುವುದಿಲ್ಲ. ವರ್ಷಕ್ಕೆ ಸುಮಾರು ರೂ. 9.6 ಲಕ್ಷದ ನಿವ್ವಳ ಹೊರೆಯನ್ನು, ದುಡಿಯುವ ಬಂಡವಾಳಕ್ಕೆ ಕೈಹಾಕದೆ, ಸಂಸ್ಥೆಯ ಲಾಭ ತಾಳಬಲ್ಲದಾದರೆ ನಾಲ್ಕರಲ್ಲಿ ಯಾವ ಕಾರಾದರೂ ನೆಮ್ಮದಿ ಕೊಡುತ್ತದೆ. ತಾಳಲಾರದಾದರೆ ಯಾವುದೂ ಕೊಡದು.