ವಿಮೆ ಮುಗಿದ ಗಾಡಿ, ಅಮಾನತಾದ ಲೈಸೆನ್ಸ್: ಮೊದಲು ಹೋಗಬೇಕಾದ್ದು ಎಲ್ಲಿಗೆ?

ಇನ್ಶೂರೆನ್ಸ್ ಮುಗಿದ ಸ್ಕೂಟರಿನಲ್ಲಿ ಸಿಕ್ಕಿಬಿದ್ದವರಿಗೆ ಮೊದಲು ಹುಟ್ಟುವ ಭಯ ‘ನನ್ನ ಲೈಸೆನ್ಸ್ ಹೋಯಿತು’ ಎಂಬುದು. ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನಲ್ಲೋ ಬ್ರಹ್ಮಾವರದ ಹೆದ್ದಾರಿ ಬದಿಯಲ್ಲೋ ಪೊಲೀಸರು ತಡೆದು ಚಲನ್ ಬರೆದರೆ, ಮರುದಿನವೇ ಕೆಲಸಕ್ಕೆ ರಜೆ ಹಾಕಿ ಉಡುಪಿ ಆರ್‌ಟಿಒ ಕಡೆಗೆ ಹೊರಡುವವರಿದ್ದಾರೆ. ಬರೀ ವಿಮೆಯ ಚಲನ್ ಆಗಿದ್ದರೆ ಆ ಓಡಾಟ ಬೇಕಾಗುವುದೇ ಇಲ್ಲ. ಇನ್ನೊಂದು ಬಗೆಯವರೂ ಇದ್ದಾರೆ. ಅವರ ಲೈಸೆನ್ಸ್ ನಿಜಕ್ಕೂ ಅಮಾನತಿನಲ್ಲಿರುತ್ತದೆ, ಆದರೆ ‘ದಂಡ ಕಟ್ಟಿ ಆಯಿತಲ್ಲ’ ಎಂದು ಗಾಡಿ ಓಡಿಸುತ್ತಲೇ ಇರುತ್ತಾರೆ. ನನಗೆ ಹೆಚ್ಚು ಚಿಂತೆ ಈ ಎರಡನೆಯವರ ಬಗ್ಗೆ.

ವಿಮೆ ಇರುವುದು ಗಾಡಿಗೆ, ಲೈಸೆನ್ಸ್ ಇರುವುದು ಮನುಷ್ಯನಿಗೆ. ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಪ್ರಕಾರ ಥರ್ಡ್ ಪಾರ್ಟಿ ವಿಮೆ ಇಲ್ಲದ ಗಾಡಿ ಸಾರ್ವಜನಿಕ ರಸ್ತೆಗೆ ಇಳಿಯುವಂತಿಲ್ಲ. ಇಳಿದರೆ 196ನೇ ಸೆಕ್ಷನ್: ಮೊದಲ ಸಲ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ, ಮತ್ತೊಮ್ಮೆ ಸಿಕ್ಕಿಬಿದ್ದರೆ ದಂಡ 4,000. ಓಡಿಸಿದವರಿಗಷ್ಟೇ ಅಲ್ಲ, ಓಡಿಸಲು ಕೊಟ್ಟವರಿಗೂ ಇದು ಅನ್ವಯ. ಈ ಸೆಕ್ಷನ್ನಿನಲ್ಲಿ ಲೈಸೆನ್ಸ್ ಅಮಾನತಿನ ಮಾತೇ ಇಲ್ಲ.

ಹಾಗಾದರೆ ‘ಇನ್ಶೂರೆನ್ಸ್ ಇಲ್ಲದ್ದಕ್ಕೆ ಲೈಸೆನ್ಸ್ ಮೂರು ತಿಂಗಳು ಕ್ಯಾನ್ಸಲ್’ ಎಂಬ ಮಾತು ಎಲ್ಲಿಂದ ಬಂತು? ಒಂದು ಕಾರಣ ಹೆಲ್ಮೆಟ್. ಹೆಲ್ಮೆಟ್ ಇಲ್ಲದೆ ಹೋಗುತ್ತಿದ್ದವರನ್ನು ನಿಲ್ಲಿಸಿ ದಾಖಲೆ ಕೇಳಿದಾಗ ವಿಮೆಯೂ ಮುಗಿದಿರುವುದು ಗೊತ್ತಾಗುತ್ತದೆ. ಒಂದೇ ಸಲಕ್ಕೆ ಎರಡು ತಪ್ಪು ದಾಖಲಾಗುತ್ತವೆ. ಹೆಲ್ಮೆಟ್ಟಿನದು 194ಡಿ, ಅದರಲ್ಲಿ ದಂಡದ ಜೊತೆಗೆ ಮೂರು ತಿಂಗಳ ಅನರ್ಹತೆಯೂ ಇದೆ. ಅದನ್ನು ಕಡ್ಡಾಯವಾಗಿ ಜಾರಿ ಮಾಡುವುದಾಗಿ ರಾಜ್ಯದ ಸಾರಿಗೆ ಇಲಾಖೆ 2020ರ ಅಕ್ಟೋಬರಿನಲ್ಲಿ ಹೇಳಿತ್ತು. ಲೈಸೆನ್ಸಿಗೆ ಪೆಟ್ಟು ಬೀಳುವುದು ಹೆಲ್ಮೆಟ್ಟಿನಿಂದ, ಬೈಗುಳ ಕೇಳುವುದು ಇನ್ಶೂರೆನ್ಸು. ಇನ್ನೊಂದು ಕಾರಣ ವಿದೇಶದಲ್ಲಿರುವ ನಮ್ಮ ಮಕ್ಕಳ ಫೋನು ಇರಬಹುದು. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ವಿಮೆ ತಪ್ಪಿದರೆ ಕಂಪನಿಯೇ ಸಾರಿಗೆ ಇಲಾಖೆಗೆ ತಿಳಿಸುತ್ತದೆ, 90 ದಿನ ಮೀರಿದರೆ ಚಾಲಕನ ಲೈಸೆನ್ಸನ್ನೂ ತಡೆಹಿಡಿಯುತ್ತಾರೆ. ನಮ್ಮ ಕಾನೂನು ಹಾಗಿಲ್ಲ.

ಮೊದಲು ಕೈಯಲ್ಲಿರುವ ಕಾಗದ ಓದಿ

ಚಲನ್‌ನಲ್ಲಿ ಬರೆದ ಸೆಕ್ಷನ್ ಸಂಖ್ಯೆಯೇ ನಿಮಗೆ ದಾರಿ ತೋರಿಸುತ್ತದೆ. ಬರೀ 196 ಇದ್ದರೆ ವಿಮೆ ಮಾಡಿಸಿ, ದಂಡ ಕಟ್ಟಿ. ಆರ್‌ಟಿಒಗೆ ಹೋಗುವ ಕೆಲಸವಿಲ್ಲ. 183 (ಅತಿವೇಗ), 184 (ಅಪಾಯಕಾರಿ ಚಾಲನೆ, ಮೊಬೈಲ್ ಹಿಡಿದು ಓಡಿಸುವುದೂ ಸಿಗ್ನಲ್ ಹಾರುವುದೂ ಇದರಲ್ಲೇ ಬರುತ್ತವೆ), 185 (ಕುಡಿದು ಚಾಲನೆ), 189 (ರೇಸ್), 190 (ಅಸುರಕ್ಷಿತ ಸ್ಥಿತಿಯ ವಾಹನ), 194ಸಿ (ಬೈಕಿನಲ್ಲಿ ಮೂವರು), 194ಡಿ, 194ಇ (ಆಂಬುಲೆನ್ಸಿಗೆ ದಾರಿ ಬಿಡದಿರುವುದು), ಇವುಗಳಲ್ಲಿ ಯಾವುದಾದರೂ ಇದ್ದರೆ ಲೈಸೆನ್ಸಿನ ಚಿಂತೆ ಮಾಡಿ. ಈ ತಪ್ಪುಗಳಿಗೆ ಪೊಲೀಸರು ಲೈಸೆನ್ಸ್ ವಶಕ್ಕೆ ಪಡೆದು ಸಾರಿಗೆ ಕಚೇರಿಗೆ ಕಳುಹಿಸಬೇಕೆಂದು 206(4)ನೇ ಸೆಕ್ಷನ್ ಹೇಳುತ್ತದೆ.

ಲೈಸೆನ್ಸ್ ತೆಗೆದುಕೊಂಡರೆ ರಸೀದಿ ಕೇಳಿ ಪಡೆಯಿರಿ. ಬೇರೆ ಸಂದರ್ಭಗಳಲ್ಲಿ ಪೊಲೀಸರು ಲೈಸೆನ್ಸ್ ಇಟ್ಟುಕೊಂಡಾಗ ಕೊಡುವ ತಾತ್ಕಾಲಿಕ ರಸೀದಿ ತೋರಿಸಿ ಗಾಡಿ ಓಡಿಸಬಹುದು. 206(4)ರ ಅಡಿ ಕೊಟ್ಟ ರಸೀದಿಗೆ ಆ ಶಕ್ತಿ ಇಲ್ಲ. ಲೈಸೆನ್ಸ್ ಕೈಗೆ ಮರಳುವವರೆಗೆ ಚಾಲನೆ ನಿಷಿದ್ಧ ಎಂದು ಕಾಯ್ದೆ ಸ್ಪಷ್ಟವಾಗಿಯೇ ಹೇಳಿದೆ. ಅನರ್ಹತೆಯ ಅವಧಿಯಲ್ಲಿ ಓಡಿಸಿ ಸಿಕ್ಕಿಬಿದ್ದರೆ 182ನೇ ಸೆಕ್ಷನ್: 10,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ. ‘ಇಲ್ಲೇ ಪ್ಯಾಟಿಗ್ ಹೋಯಿ ಬಪ್ಪುದ್’ ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ.

ವಿಮೆಯನ್ನು ಆ ದಿನವೇ ಮಾಡಿಸಿ

ಗಾಡಿಯನ್ನು ಮನೆಯಂಗಳದಲ್ಲಿ ನಿಲ್ಲಿಸಿ, ಪಾಲಿಸಿ ಬರುವ ತನಕ ರಸ್ತೆಗಿಳಿಸಬೇಡಿ. ದಂಡ ಕಟ್ಟಿದ ರಸೀದಿ ವಿಮೆಯಾಗುವುದಿಲ್ಲ. ಅದೇ ಸಂಜೆ ಇನ್ನೊಬ್ಬರು ತಡೆದರೆ ಎರಡನೇ ತಪ್ಪಾಗಬಹುದು.

ಪಾಲಿಸಿಯಲ್ಲಿ ದಿನಾಂಕ ನೋಡುವಾಗ ಎಚ್ಚರ ಬೇಕು. ಸುಪ್ರೀಂ ಕೋರ್ಟ್ ಆದೇಶದ ಮೇರೆಗೆ 2018ರ ಸೆಪ್ಟೆಂಬರ್ 1ರಿಂದ ಹೊಸ ಬೈಕಿಗೆ ಐದು ವರ್ಷದ, ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಯಿತು. ನಮ್ಮ ಗಾಡಿಗಾಗುವ ಹಾನಿಯ ಭಾಗ ಮಾತ್ರ ಸಾಮಾನ್ಯವಾಗಿ ಒಂದೇ ವರ್ಷದ್ದು. ಹೀಗಾಗಿ ಒಂದೇ ಕಾಗದದಲ್ಲಿ ಎರಡು ಕೊನೆಯ ದಿನಾಂಕಗಳಿರುತ್ತವೆ. ಮೊದಲ ವರ್ಷ ಮುಗಿದೊಡನೆ ‘ವಿಮೆ ಹೋಯಿತು’ ಎಂದು ಹೆದರಬೇಕಿಲ್ಲ. ಥರ್ಡ್ ಪಾರ್ಟಿ ಜಾರಿಯಲ್ಲಿದ್ದರೆ 196 ಅನ್ವಯಿಸುವುದಿಲ್ಲ, ಆ ದಿನಾಂಕವನ್ನು ಪೊಲೀಸರಿಗೆ ತೋರಿಸಿ. ಆದರೆ ಐದು ವರ್ಷ ವಿಮೆಯ ನೆನಪೇ ಇಲ್ಲದೆ ಓಡಿಸಿದವರಿಗೆ ಆರನೇ ವರ್ಷ ಬಂದದ್ದೇ ತಿಳಿಯುವುದಿಲ್ಲ. ವಿಮೆ ತಪ್ಪಲು ದಾರಿದ್ರ್ಯಕ್ಕಿಂತ ಈ ಮರೆವೇ ಹೆಚ್ಚು ಕಾರಣ ಎಂದು ನನ್ನ ಅನಿಸಿಕೆ. ಏಕೆಂದರೆ ಮೊತ್ತ ದೊಡ್ಡದಲ್ಲ: 2022ರ ಜೂನ್ 1ರಿಂದ ಜಾರಿಗೆ ಬಂದ ದರದಂತೆ 75ರಿಂದ 150 ಸಿಸಿ ಬೈಕಿಗೆ ವರ್ಷಕ್ಕೆ 714 ರೂಪಾಯಿ, ಶೇ 18 ಜಿಎಸ್‌ಟಿ ಸೇರಿ ಸುಮಾರು 843. 1000 ಸಿಸಿವರೆಗಿನ ಕಾರಿಗೆ 2,094, 1500 ಸಿಸಿವರೆಗೆ 3,416, ತೆರಿಗೆ ಬೇರೆ. ಮಾಲೀಕ-ಚಾಲಕರ 15 ಲಕ್ಷದ ಅಪಘಾತ ವಿಮೆ ಸೇರಿದರೆ ಇನ್ನಷ್ಟು ಆಗುತ್ತದೆ.

ಬರೀ ಥರ್ಡ್ ಪಾರ್ಟಿ ಪಾಲಿಸಿಗೆ ಸಾಮಾನ್ಯವಾಗಿ ಗಾಡಿ ತಪಾಸಣೆ ಇರುವುದಿಲ್ಲ, ಬೇಗ ಸಿಗುತ್ತದೆ. ಪೂರ್ಣ ವಿಮೆ ಬೇಕೆಂದರೆ, ಅದರಲ್ಲೂ ಕಾರಿಗೆ, ಮೊಬೈಲಿನಲ್ಲಿ ವಿಡಿಯೊ ತೆಗೆದು ಕಳಿಸುವ ಅಥವಾ ಸರ್ವೇಯರ್ ಬಂದು ನೋಡುವ ಕೆಲಸ ಇರುತ್ತದೆ. ಹಳೆಯ ಪಾಲಿಸಿ ಮುಗಿದು 90 ದಿನದೊಳಗೆ ನವೀಕರಿಸಿದರೆ ಕ್ಲೈಮ್ ಮಾಡದ್ದಕ್ಕೆ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೈಮ್ ಬೋನಸ್, ಉಳಿಯುತ್ತದೆ. ಐದು ವರ್ಷ ಕ್ಲೈಮ್ ಇಲ್ಲದವರಿಗೆ ಅದು ಶೇ 50. ಮೂರು ತಿಂಗಳ ಉದಾಸೀನಕ್ಕೆ ಅದನ್ನು ಕಳೆದುಕೊಳ್ಳಬೇಡಿ.

ಹಣ ಕಟ್ಟಿದ ಕೂಡಲೇ ಕೀಲಿ ತಿರುಗಿಸಬೇಡಿ. ಪಾಲಿಸಿಯಲ್ಲಿ ಜಾರಿಯಾಗುವ ದಿನಾಂಕದ ಜೊತೆ ಗಂಟೆಯೂ ಮುದ್ರಿತವಾಗಿರುತ್ತದೆ. ಅವಧಿ ತಪ್ಪಿದ ಗಾಡಿಯ ಆನ್‌ಲೈನ್ ಪಾಲಿಸಿ ಕೆಲವೊಮ್ಮೆ ಮರುದಿನದಿಂದಲೋ ಇನ್ನೂ ತಡವಾಗಿಯೋ ಜಾರಿಯಾಗುತ್ತದೆ. ನಡುವಿನ ಆ ಗಂಟೆಗಳಲ್ಲಿ ಅಪಘಾತವಾದರೆ ಕಂಪನಿ ಹೊಣೆ ಹೊರುವುದಿಲ್ಲ.

ದಂಡ

ಇ-ಚಲನ್ ಆಗಿದ್ದರೆ ಪರಿವಾಹನ್‌ನ ಇ-ಚಲನ್ ತಾಣದಲ್ಲಿ ಗಾಡಿ ಸಂಖ್ಯೆ ಹಾಕಿ ನೋಡಿ. ಇಲ್ಲವೇ ಚಲನ್ ಬರೆದ ಠಾಣೆಗೇ ಹೋಗಿ ವಿಚಾರಿಸಿ. ರಾಜ್ಯ ಸರ್ಕಾರ 2019ರ ಸೆಪ್ಟೆಂಬರಿನಲ್ಲಿ ಹಲವು ತಪ್ಪುಗಳ ಸ್ಥಳದಂಡವನ್ನು ಇಳಿಸಿದ್ದರಿಂದ ಕಾಯ್ದೆಯ ಮೊತ್ತಕ್ಕೂ ಚಲನ್ ಮೊತ್ತಕ್ಕೂ ವ್ಯತ್ಯಾಸ ಇರಬಹುದು. ಪ್ರಕರಣ ನ್ಯಾಯಾಲಯಕ್ಕೆ ಹೋಗಿದ್ದರೆ ಅಲ್ಲಿಯೇ ಕಟ್ಟಬೇಕು. 2023ರ ಫೆಬ್ರುವರಿಯಲ್ಲಿ ಹಾಗೂ 2025ರ ಆಗಸ್ಟ್-ಸೆಪ್ಟೆಂಬರಿನಲ್ಲಿ ಬಾಕಿ ಸಂಚಾರ ದಂಡಕ್ಕೆ ಶೇ 50 ರಿಯಾಯಿತಿ ಕೊಟ್ಟದ್ದು ನಿಜ. ಮತ್ತೊಮ್ಮೆ ಬರಲಿ ಎಂದು ಕಾಯುತ್ತಾ ಕೂರುವುದು ಒಳ್ಳೆಯದಲ್ಲ.

ವಿಮೆ ಇತ್ತು, ತೋರಿಸಲು ಕಾಗದ ಇರಲಿಲ್ಲ ಎಂಬವರ ವಿಷಯ ಬೇರೆಯೇ. ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಆ್ಯಪ್‌ನಲ್ಲಿ ತೋರಿಸಿದ ದಾಖಲೆಗೆ ಮಾನ್ಯತೆ ಇದೆ. ಚಲನ್ ಬಿದ್ದಿದ್ದರೂ ಆ ಹೊತ್ತಿಗೆ ಪಾಲಿಸಿ ಜಾರಿಯಲ್ಲಿದ್ದುದನ್ನು ತಡಮಾಡದೆ ಠಾಣೆಯಲ್ಲಿ ತೋರಿಸಿ, 196ನ್ನು ತೆಗೆಸಲು ಲಿಖಿತವಾಗಿ ಕೇಳಿ.

ಲೈಸೆನ್ಸ್ ಮರಳಿ ಪಡೆಯುವುದು

ಅಮಾನತು ತಾನಾಗಿ ಆಗುವುದಿಲ್ಲ. ಲೈಸೆನ್ಸ್ ಪ್ರಾಧಿಕಾರ ನಿಮ್ಮ ಮಾತು ಕೇಳಲು ಅವಕಾಶ ಕೊಡಬೇಕು ಎಂದು 19ನೇ ಸೆಕ್ಷನ್ ಹೇಳುತ್ತದೆ. ಆದ್ದರಿಂದ ನೋಟಿಸ್ ಬಂದರೆ ಮಡಚಿ ಕಪಾಟಿಗೆ ಹಾಕಬೇಡಿ. ನಿಮ್ಮ ಕಡೆಯ ಮಾತನ್ನು ಬರೆದು, ದಾಖಲೆಗಳ ಪ್ರತಿ ಲಗತ್ತಿಸಿ, ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಿರಿ. ಯಾವ ಕಚೇರಿಯ ನೋಟಿಸ್ ಎಂಬುದನ್ನೂ ನೋಡಿ. ನಮ್ಮ ಕಡೆಯ ಗಾಡಿಗಳಿಗೆ ಉಡುಪಿಯ ಕೆಎ-20 ಸಂಖ್ಯೆ ಇದ್ದರೂ, ಬೆಂಗಳೂರಿನಲ್ಲಿ ಸಿಕ್ಕಿಬಿದ್ದವರಿಗೆ ಅಲ್ಲಿನ ಕಚೇರಿಯಿಂದ ಆದೇಶ ಬಂದಿರಬಹುದು.

ಪೊಲೀಸರು ಕಳುಹಿಸಿದ ಪ್ರಕರಣದಲ್ಲಿ ಮೊದಲ ತಪ್ಪಿಗೆ ಮೂರು ತಿಂಗಳ ಅನರ್ಹತೆ, ಎರಡನೆಯದಕ್ಕೆ ಲೈಸೆನ್ಸೇ ರದ್ದಾಗಬಹುದು. ಆದೇಶ ಅನ್ಯಾಯ ಎನಿಸಿದರೆ 30 ದಿನದೊಳಗೆ ಮೇಲ್ಮನವಿಗೆ ಅವಕಾಶವಿದೆ. ಯಾರಿಗೆ ಸಲ್ಲಿಸಬೇಕೆಂದು ಆದೇಶ ಕೊಟ್ಟ ಕಚೇರಿಯಲ್ಲೇ ಕೇಳಿ. ಕಾರ್ಡ್ ಇನ್ನೂ ನಿಮ್ಮಲ್ಲೇ ಇದ್ದರೆ ಕೂಡಲೇ ಒಪ್ಪಿಸಿ, ದಿನಾಂಕ ಬರೆದ ರಸೀದಿ ಇಟ್ಟುಕೊಳ್ಳಿ.

ಅವಧಿ ಮುಗಿದ ದಿನ ಲೈಸೆನ್ಸ್ ಮನೆಗೆ ಬರುತ್ತದೆ ಎಂದುಕೊಳ್ಳಬೇಡಿ. 2019ರ ತಿದ್ದುಪಡಿಯ ನಂತರ, ಚಾಲಕರ ಪುನಶ್ಚೇತನ ತರಬೇತಿ ಪೂರೈಸಿದರೆ ಮಾತ್ರ ಲೈಸೆನ್ಸ್ ಹಿಂದಿರುಗಿಸಬೇಕೆಂಬ ನಿಯಮ ಬಂದಿದೆ. ಪರವಾನಗಿ ಇರುವ ಡ್ರೈವಿಂಗ್ ಸ್ಕೂಲಿನಲ್ಲೋ ಕೇಂದ್ರ ಸರ್ಕಾರ ಗೊತ್ತುಪಡಿಸಿದ ಸಂಸ್ಥೆಯಲ್ಲೋ ಅದನ್ನು ಮುಗಿಸಬೇಕು. ಯಾವ ಸ್ಕೂಲಿನ ಪ್ರಮಾಣಪತ್ರ ಒಪ್ಪುತ್ತಾರೆಂದು ಆರ್‌ಟಿಒದಲ್ಲಿ ಕೇಳಿಯೇ ಸೇರಿಕೊಳ್ಳಿ, ಮೂರು ತಿಂಗಳ ನಡುವೆಯೇ ಮುಗಿಸಿಡಿ. ಅವಧಿ ಕಳೆದ ಮೇಲೆ ಆದೇಶದ ಪ್ರತಿ, ಒಪ್ಪಿಸಿದ ರಸೀದಿ, ತರಬೇತಿ ಪ್ರಮಾಣಪತ್ರ, ದಂಡ ಕಟ್ಟಿದ ರಸೀದಿ, ಆಧಾರ್ ಪ್ರತಿ ಹಿಡಿದು ಅರ್ಜಿ ಕೊಡಿ. ಕಾರ್ಡ್ ಕೈಗೆ ಬಂದ ಮೇಲೂ ಒಂದು ಕೆಲಸ ಉಳಿಯುತ್ತದೆ: ಪರಿವಾಹನ್‌ನ ಸಾರಥಿ ತಾಣದಲ್ಲಿ ಲೈಸೆನ್ಸ್ ಸ್ಥಿತಿ ನೋಡಿ. ಅಲ್ಲಿ ಇನ್ನೂ ಅಮಾನತು ಎಂದೇ ಇದ್ದರೆ ಅದೇ ದಿನ ಕಚೇರಿಯಲ್ಲಿ ಸರಿಪಡಿಸಲು ಹೇಳಿ. ರಸ್ತೆಯಲ್ಲಿ ತಡೆಯುವವರು ಈಗ ನೋಡುವುದು ಆ ಪರದೆಯನ್ನೇ.

ನಡುವೆ ಲೈಸೆನ್ಸಿನ ಅವಧಿಯೇ ಮುಗಿದರೆ ನವೀಕರಣ ಬೇರೆ ಮಾಡಿಸಬೇಕು. ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಚಾಲನಾ ಪರೀಕ್ಷೆ. ನಲವತ್ತು ದಾಟಿದವರಿಗೆ ನಮೂನೆ 1ಎ ವೈದ್ಯಕೀಯ ಪ್ರಮಾಣಪತ್ರವೂ ಬೇಕು.

ಅಪಘಾತ ಆಗಿಬಿಟ್ಟಿದ್ದರೆ

ವಿಮೆಯೂ ಲೈಸೆನ್ಸೂ ಒಟ್ಟಿಗೆ ಸಿಕ್ಕಿಹಾಕಿಕೊಳ್ಳುವುದು ಇಲ್ಲಿ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ತ್ರಾಸಿ, ಮರವಂತೆ, ಕೋಟ ದಾಟುವಾಗ ಅಡ್ಡ ಬಂದ ಒಬ್ಬರಿಗೆ ಗಾಡಿ ತಾಗಿದರೆ ಕ್ರಿಮಿನಲ್ ಪ್ರಕರಣ ದಾಖಲಾಗುತ್ತದೆ, ಚಾಲಕನ ವರದಿ ಸಾರಿಗೆ ಕಚೇರಿಗೆ ಹೋಗಬಹುದು. ವಿಮೆ ಇಲ್ಲದಿದ್ದರೆ ಗಾಡಿಯೂ ಸುಲಭಕ್ಕೆ ಬಿಡುಗಡೆಯಾಗದು. ಪರಿಹಾರಕ್ಕೆ ತಕ್ಕ ಭದ್ರತೆ ಕೊಡದೆ ಅಂಥ ಗಾಡಿಯನ್ನು ಬಿಡಕೂಡದು, ಕೊಡದಿದ್ದರೆ ಮೂರು ತಿಂಗಳ ಬಳಿಕ ಹರಾಜು ಹಾಕಬಹುದು ಎಂಬ ನಿಯಮ ತರುವಂತೆ ಸುಪ್ರೀಂ ಕೋರ್ಟ್ 2018ರ ಉಷಾದೇವಿ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೆ ಹೇಳಿದೆ. ನ್ಯಾಯಮಂಡಳಿ ಪರಿಹಾರ ನಿಗದಿ ಮಾಡಿದಾಗ ಅದು ಮಾಲೀಕರ ಜೇಬಿನಿಂದಲೇ ಹೋಗಬೇಕು. ಜೇಬು ಸಾಲದಿದ್ದರೆ ಮನೆ, ತೋಟದ ಮೇಲೆ ಬರುತ್ತದೆ. ಪೆಟ್ಟು ತಿಂದವರ ಪಾಡು ಇನ್ನೂ ಕಷ್ಟ, ತೀರ್ಪು ಕೈಯಲ್ಲಿದ್ದರೂ ಹಣ ಬಾರದು. ತಿರುಗಾಮುರುಗಾ ಆದಾಗಲೂ ನಷ್ಟವೇ: ವಿಮೆ ಇದ್ದು ಲೈಸೆನ್ಸ್ ಅಮಾನತಿನಲ್ಲಿದ್ದರೆ, ಕಂಪನಿ ಗಾಯಾಳುವಿಗೆ ಪರಿಹಾರ ಕೊಟ್ಟು ಅದನ್ನು ಮಾಲೀಕರಿಂದ ವಸೂಲಿ ಮಾಡುವಂತೆ ಆದೇಶವಾಗಬಹುದು. ವಿಮೆ ಇಲ್ಲದೆ ಅಪಘಾತವಾದರೆ ಏಜೆಂಟರ ಮಾತು ಕೇಳಿ ಹಿಂದಿನ ದಿನಾಂಕದ ಪಾಲಿಸಿ ಹುಡುಕಬೇಡಿ, ಅದು ಇನ್ನೊಂದು ಅಪರಾಧ. ವಕೀಲರನ್ನು ಕಾಣಿ, ಶುಲ್ಕ ಕೊಡಲಾಗದ ಅರ್ಹರಿಗೆ ತಾಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತ ನೆರವು ಸಿಗುತ್ತದೆ.

ಊರಲ್ಲಿ ಗಾಡಿ, ಕೆಲಸ ಪರವೂರಲ್ಲಿ

ಶಿರೂರು, ಗಂಗೊಳ್ಳಿ, ಕೋಟೇಶ್ವರ, ಸಾಲಿಗ್ರಾಮದ ಎಷ್ಟೋ ಮನೆಗಳ ಸ್ಕೂಟರಿನ ಆರ್‌ಸಿ ದುಬೈಯಲ್ಲೋ ಬೆಂಗಳೂರಿನ ಹೋಟೆಲಿನಲ್ಲೋ ದುಡಿಯುವವರ ಹೆಸರಿನಲ್ಲಿರುತ್ತದೆ. ನವೀಕರಣದ ಸಂದೇಶ ಹೋಗುವುದು ಅವರು ಬಳಸದೆ ಬಿಟ್ಟ ಹಳೆಯ ಸಿಮ್‌ಗೆ; ಚಲನ್ ಸಂದೇಶವೂ ಅಲ್ಲಿಗೇ. ಗಾಡಿ ಓಡಿಸುವ ತಮ್ಮನಿಗೋ ಮಗಳಿಗೋ ಏನೂ ತಿಳಿಯುವುದಿಲ್ಲ, ಸಿಕ್ಕಿಬೀಳುವವರು ಅವರೇ. ಊರಿಗೆ ಬಂದಾಗ ಪರಿವಾಹನ್‌ನ ವಾಹನ್ ತಾಣದಲ್ಲಿ ಆರ್‌ಸಿಗೆ ಸೇರಿದ ಮೊಬೈಲ್ ಸಂಖ್ಯೆಯನ್ನು ಬದಲಿಸಿ, ಪಾಲಿಸಿಯಲ್ಲೂ ಮನೆಯಲ್ಲಿರುವವರ ಸಂಖ್ಯೆ ಕೊಡಿ. ಥರ್ಡ್ ಪಾರ್ಟಿ ಮುಗಿಯುವ ದಿನಾಂಕವನ್ನು ಗಾಡಿಯ ಕೀಲಿ ನೇತುಹಾಕುವ ಮೊಳೆಯ ಪಕ್ಕ ಬರೆದಿಟ್ಟು ಹೊರಡಿ.