ಮಗುವಿನ ಕತ್ತಲೆಯ ಭಯ ಮತ್ತು ತಂದೆತಾಯಿಗಳ ಹೊಣೆ

ಮಗುವಿಗೆ ಕಾಲಕಾಲಕ್ಕೆ ಲಸಿಕೆ ಹಾಕಿಸುವುದು ಮತ್ತು ಪುಷ್ಟಿಕರವಾದ ಆಹಾರವನ್ನು ನೀಡುವುದು ತಂದೆತಾಯಿಗಳ ಕರ್ತವ್ಯವೆಂಬುದನ್ನು ಎಲ್ಲರೂ ಬಲ್ಲರು. ಮಗುವಿನ ಮನಸ್ಸಿನ ಆರೋಗ್ಯವೂ ಅಷ್ಟೇ ಮುಖ್ಯವಾದುದು. ಹಗಲೆಲ್ಲ ನಲಿದಾಡುವ ಮಗುವು ದೀಪ ಆರಿದೊಡನೆ ಅಳುವುದು, ನಡುಮನೆಯಿಂದ ಒಳಕೋಣೆಗೆ ಒಂಟಿಯಾಗಿ ಹೋಗಲು ಒಲ್ಲೆನೆನ್ನುವುದು ಅನೇಕ ಮನೆಗಳಲ್ಲಿ ಕಂಡುಬರುತ್ತದೆ. ಇದು ಹಟವಲ್ಲ, ಹೇಡಿತನವೂ ಅಲ್ಲ. ತಂದೆತಾಯಿಗಳು ತಾಳ್ಮೆಯಿಂದ ನಡೆದುಕೊಂಡರೆ ಈ ಭಯವನ್ನು ಮಗುವು ತಾನಾಗಿಯೇ ಗೆಲ್ಲಬಲ್ಲದು.

ಭಯವು ಏಕೆ ಹುಟ್ಟುತ್ತದೆ?

ಎರಡು ಮೂರು ವರ್ಷಗಳ ವಯಸ್ಸಿನಲ್ಲಿ ಮಗುವಿನ ಕಲ್ಪನಾಶಕ್ತಿಯು ಬೆಳೆಯತೊಡಗುತ್ತದೆ. ಆದರೆ ಊಹೆ ಯಾವುದು, ನಿಜ ಯಾವುದು ಎಂದು ವಿಂಗಡಿಸುವ ತಿಳಿವಳಿಕೆ ಆಗಿನ್ನೂ ಬಂದಿರುವುದಿಲ್ಲ. ಗೂಟಕ್ಕೆ ತೂಗುಹಾಕಿದ ಕಂಬಳಿಯು ನಿಂತ ಮನುಷ್ಯನಂತೆ ತೋರುತ್ತದೆ. ಅಟ್ಟದ ಮೇಲೆ ಇಲಿ ಓಡಿದ ಸದ್ದು ಯಾರೋ ನಡೆದಂತೆ ಕೇಳಿಸುತ್ತದೆ.

ಹಿರಿಯರ ಮಾತು ಈ ಭಯವನ್ನು ಹೆಚ್ಚಿಸುತ್ತದೆ. "ಉಣ್ಣದಿದ್ದರೆ ಗುಮ್ಮ ಬಂದು ಹಿಡಿದುಕೊಂಡು ಹೋಗುತ್ತಾನೆ" ಎಂದು ಹೆದರಿಸಿದರೆ ತುತ್ತು ಒಳಗೆ ಹೋಗಬಹುದು. ಅದರೊಡನೆ ಗುಮ್ಮನೂ ಮನಸ್ಸಿನೊಳಗೆ ಹೋಗುತ್ತಾನೆ. ದೆವ್ವವು ಮನೆಗೆ ಬಾರದಿರಲೆಂದು ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆದಿದ್ದ ದಿನಗಳನ್ನು ನಮ್ಮ ನಾಡಿನ ಹಲವರು ಕಂಡಿದ್ದಾರೆ. ದೊಡ್ಡವರೇ ಅಂಜಿದ ಮನೆಯಲ್ಲಿ ಮಗುವು ಅಂಜದಿರುವುದು ಹೇಗೆ?

ಮನೆಗೆ ಹೊಸ ಕೂಸು ಬಂದಾಗಲೂ ಈ ಭಯವು ಹೆಚ್ಚಬಹುದು. ಅಲ್ಲಿಯವರೆಗೆ ತಾಯಿಯ ಮಗ್ಗುಲಲ್ಲಿ ಮಲಗುತ್ತಿದ್ದ ಮಗುವಿಗೆ ಒಮ್ಮೆಲೇ ಬೇರೆ ಹಾಸಿಗೆಯಾಗುತ್ತದೆ. ತಾಯಿಯು ಬಾಣಂತಿಯಾಗಿರುವಾಗ ದೊಡ್ಡ ಮಗುವನ್ನು ಮಲಗಿಸುವ ಹೊಣೆಯನ್ನು ತಂದೆಯೇ ಹೊರತಕ್ಕದ್ದು.

ಮಾಡಬಾರದ ಕೆಲಸಗಳು

"ಗಂಡುಮಗನಾಗಿ ಹೆದರುವೆಯಾ?" ಎಂದು ಹಂಗಿಸಬಾರದು. ಧೈರ್ಯ ಬರಲೆಂದು ಕತ್ತಲೆಯ ಕೋಣೆಯಲ್ಲಿ ಕೂಡಿಹಾಕಬಾರದು. ಇದರಿಂದ ಭಯವು ಇಮ್ಮಡಿಯಾಗುತ್ತದೆ. ಮಲಗುವ ಮುನ್ನ ದೂರದರ್ಶನದಲ್ಲಾಗಲಿ ಮೊಬೈಲಿನಲ್ಲಾಗಲಿ ಭಯಂಕರ ದೃಶ್ಯಗಳನ್ನು ತೋರಿಸಬಾರದು.

ಮಾಡಬೇಕಾದ ಕೆಲಸಗಳು

1. ಮಗುವಿನ ಮಾತನ್ನು ಪೂರ್ತಿಯಾಗಿ ಕೇಳಿರಿ. "ಅಲ್ಲಿ ಏನೂ ಇಲ್ಲ, ಸುಮ್ಮನಿರು" ಎನ್ನುವ ಬದಲು, "ಏನು ಕಂಡಿತು? ಬಾ, ಇಬ್ಬರೂ ನೋಡೋಣ" ಎಂದು ಕೈಹಿಡಿದು ಕರೆದೊಯ್ಯಿರಿ. ದೀಪ ಹಾಕಿ ಕಂಬಳಿಯನ್ನು ಮುಟ್ಟಿಸಿರಿ. ಬಳಿಕ ದೀಪ ಆರಿಸಿ ಅದನ್ನೇ ಮತ್ತೆ ಮುಟ್ಟಿಸಿರಿ.

2. ಮಂದ ಬೆಳಕಿನಲ್ಲಿ ಮಗುವಿನೊಡನೆ ಕುಳಿತುಕೊಳ್ಳಿರಿ. ಕತ್ತಲೆಗೆ ಕಣ್ಣು ಪೂರ್ಣವಾಗಿ ಹೊಂದಿಕೊಳ್ಳಲು ಸುಮಾರು 20ರಿಂದ 30 ನಿಮಿಷಗಳು ಬೇಕು. ಮೊದಲು ಕಾಣದಿದ್ದ ಕೊಡ, ಚಾಪೆ, ಕಿಟಕಿಗಳು ಮೆಲ್ಲಮೆಲ್ಲನೆ ಕಾಣತೊಡಗುವುದನ್ನು ಮಗುವೇ ಎಣಿಸಲಿ.

3. ಮುಂದಿನ ದಿನಗಳಲ್ಲಿ ನೀವು ಬಾಗಿಲಲ್ಲಿ ನಿಂತು ಮಾತನಾಡುತ್ತಿರಿ; ಮಗುವು ಒಳಗೆ ಹೋಗಿ ಲೋಟವನ್ನು ತರಲಿ. ಮೊದಲ ದಿನ ಎರಡು ಹೆಜ್ಜೆ ಇಟ್ಟರೂ ಮೆಚ್ಚುಗೆಯ ಮಾತನ್ನಾಡಿರಿ. ಅತ್ತರೆ ಒತ್ತಾಯಿಸದೆ ಹಿಂದಿನ ಹಂತಕ್ಕೆ ಮರಳಿರಿ.

4. ಪ್ರತಿದಿನವೂ ಒಂದೇ ಹೊತ್ತಿಗೆ ಮಲಗಿಸಿರಿ. ಬೇಕಾದರೆ ಸಣ್ಣ ವಿದ್ಯುದ್ದೀಪವಿರಲಿ. ಸೀಮೆಎಣ್ಣೆಯ ಬುಡ್ಡಿಯನ್ನಾಗಲಿ ಮೇಣದ ಬತ್ತಿಯನ್ನಾಗಲಿ ಹಾಸಿಗೆಯ ಬಳಿ ಉರಿಯಲು ಬಿಡಬೇಡಿರಿ.

ತಂದೆಯು ಧೈರ್ಯ ಹೇಳಿ, ಅಜ್ಜಿಯು ದೆವ್ವದ ಕಥೆ ಹೇಳಿದರೆ ಫಲವಿಲ್ಲ. ಮನೆಯವರೆಲ್ಲರೂ ಒಂದೇ ಮಾತನ್ನಾಡಬೇಕು.

ಭಯ ಬೇರೆ, ಎಚ್ಚರಿಕೆ ಬೇರೆ

ಹಳ್ಳಿಯ ಕತ್ತಲೆಯಲ್ಲಿ ಹಾವು ಚೇಳುಗಳಿರುವುದು ನಿಜ. ಇರುಳಿನಲ್ಲಿ ಅಂಗಳಕ್ಕೆ ಅಥವಾ ಶೌಚಾಲಯಕ್ಕೆ ಹೋಗುವಾಗ ಟಾರ್ಚು ಹಿಡಿಯುವುದು, ಚಪ್ಪಲಿ ಮೆಟ್ಟುವುದು, ದೊಡ್ಡವರನ್ನು ಎಬ್ಬಿಸುವುದು ವಿವೇಕವೇ ಹೊರತು ಹೇಡಿತನವಲ್ಲವೆಂದು ಮಗುವಿಗೆ ತಿಳಿಸಿರಿ.

ಕಣ್ಣಿನ ದೋಷವಿರಬಹುದೇ?

ಸಂಜೆಯಾದೊಡನೆ ಮಗುವು ಎಡವುತ್ತಿದ್ದರೆ, ತಟ್ಟೆಯನ್ನು ತಡವಿ ಹುಡುಕುತ್ತಿದ್ದರೆ ಅದು ಭಯವಲ್ಲದಿರಬಹುದು. 'ಎ' ಜೀವಸತ್ತ್ವದ ಕೊರತೆಯಿಂದ ಇರುಳುಗುರುಡು ಉಂಟಾಗುತ್ತದೆ. ಅಲಕ್ಷಿಸಿದರೆ ಮಗುವು ದೃಷ್ಟಿಯನ್ನೇ ಕಳೆದುಕೊಳ್ಳಬಹುದು. ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿರಿ. 'ಎ' ಜೀವಸತ್ತ್ವದ ದ್ರಾವಣವನ್ನು 9 ತಿಂಗಳು ತುಂಬಿದಾಗ ಮೊದಲ ಬಾರಿ, 16ರಿಂದ 18 ತಿಂಗಳುಗಳ ನಡುವೆ ಎರಡನೆಯ ಬಾರಿ, ಅನಂತರ 5 ವರ್ಷದವರೆಗೆ ಆರು ತಿಂಗಳಿಗೊಮ್ಮೆ, ಹೀಗೆ ಒಟ್ಟು 9 ಬಾರಿ ಕುಡಿಸಲಾಗುತ್ತದೆ. ನುಗ್ಗೆಸೊಪ್ಪು, ಹರಿವೆಸೊಪ್ಪು, ಸಿಹಿಗುಂಬಳ, ಪರಂಗಿಹಣ್ಣು, ಮಾವು ಮತ್ತು ಮೊಟ್ಟೆಗಳು ಈ ಜೀವಸತ್ತ್ವವನ್ನು ಒದಗಿಸುತ್ತವೆ.

ಸಲಹೆ ಪಡೆಯಬೇಕಾದ ಸಂದರ್ಭಗಳು

ಭಯದಿಂದ ಮಗುವಿನ ನಿದ್ರೆ, ಊಟ, ಪಾಠಗಳು ಬಹುಕಾಲ ಕೆಟ್ಟರೆ ವೈದ್ಯರನ್ನು ಕಾಣಿರಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿಯೂ ಸಲಹೆ ಪಡೆಯಬಹುದು. ಹಿಂದೆ ಅಂಜದಿದ್ದ ಮಗುವು ಒಮ್ಮೆಲೇ ಅಂಜತೊಡಗಿದರೆ ಅಥವಾ ಒಬ್ಬ ವ್ಯಕ್ತಿಯನ್ನು ಕಂಡು ನಡುಗಿದರೆ ಗದರಿಸದೆ ಕಾರಣವನ್ನು ವಿಚಾರಿಸಿರಿ. ಯಾರಾದರೂ ಕಿರುಕುಳ ಕೊಟ್ಟಿರುವ ಸಂಶಯವಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿರಿ.

ಕತ್ತಲೆಯನ್ನು ಮನೆಯಿಂದ ಪೂರ್ತಿಯಾಗಿ ಹೊರಹಾಕುವುದು ಯಾರಿಗೂ ಸಾಧ್ಯವಿಲ್ಲ. ಕತ್ತಲೆಯಲ್ಲಿಯೂ ತನ್ನವರು ಹತ್ತಿರವಿದ್ದಾರೆಂಬ ನಂಬಿಕೆಯನ್ನು ಮಗುವಿಗೆ ಕೊಡುವುದು ಎಲ್ಲ ತಂದೆತಾಯಿಗಳಿಗೂ ಸಾಧ್ಯ.

ಚರ್ಚಿಸಿರಿ

1. ನಿಮ್ಮ ಮನೆಯಲ್ಲಿ ಮಗುವನ್ನು ಸುಮ್ಮನಿರಿಸಲು ಯಾವ ಹೆಸರು ಹೇಳಿ ಹೆದರಿಸುತ್ತೀರಿ? ಅದರ ಬದಲು ಏನು ಹೇಳಬಹುದು?
2. ಮಗುವನ್ನು ಮಲಗಿಸುವ ಕೆಲಸದಲ್ಲಿ ತಂದೆಯ ಪಾಲು ಎಷ್ಟಿದೆ?
3. ಭಯಕ್ಕೂ ಇರುಳುಗುರುಡಿಗೂ ಇರುವ ವ್ಯತ್ಯಾಸವನ್ನು ಹೇಗೆ ಗುರುತಿಸುವಿರಿ?